ಸಹಾಯ ಬೇಕು: ಪ್ರೌಢಶಾಲಾ ಮಕ್ಕಳಿಗೆ ಛಾಯೆ (ಬೆಳಕು-ನೆರಳಿನ ಏರಿಳಿತ) ಮತ್ತು ಅವಕಾಶವನ್ನು (ಚಿತ್ರದೊಳಗಿನ ಸ್ಥಳ, ಆಳ) ಕಲಿಸುವ ಬಗೆ

ಗುಂಪಿನ ಚಿತ್ರಕಲಾ ಶಿಕ್ಷಕರಿಗೆ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಚಿತ್ರಕಲೆಯ ಮೂಲಾಂಶಗಳನ್ನು ಬೋಧಿಸುತ್ತಿದ್ದೇನೆ. ರೇಖೆ, ಆಕಾರ, ವರ್ಣಗಳನ್ನು ಮಕ್ಕಳು ರಂಗೋಲಿಯಿಂದಲೇ ಗ್ರಹಿಸಿದರು. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಚಿನ್ನದ ರೇಕಿನಡಿ ಉಬ್ಬಿಸಿದ ಜೆಸ್ಸೋ (ಅಂಟು ಬೆರೆಸಿದ ಪುಡಿಯ ಲೇಪ) ಕೆಲಸವನ್ನು ತೋರಿಸಿದಾಗ ಮೈವಳಿಕೆಯೂ (ಮೇಲ್ಮೈಯ ನುಣುಪು-ಒರಟುತನ) ಅರ್ಥವಾಯಿತು. ಆದರೆ ಛಾಯೆ ಮತ್ತು ಅವಕಾಶದ ವಿಷಯದಲ್ಲಿ ತೊಡಕಾಗಿದೆ: ಗೋಳವನ್ನು ಬರೆಯಲು ಹೇಳಿದರೆ ವೃತ್ತದೊಳಗೆ ಒಂದೇ ಸಮನೆ ಪೆನ್ಸಿಲ್ ತಿಕ್ಕುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರದಲ್ಲಿ, ಮರೆ ಹಿಡಿದ ಬೆರಳುಗಳನ್ನು ದಾಟಿ ಬೆಳಕು ಮುಖಕ್ಕೇರುವುದನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ (ಮುದ್ರಿತ ಪ್ರತಿಗಳಲ್ಲಿ ಆ ಸೂಕ್ಷ್ಮ ಉಳಿಯುವುದಿಲ್ಲ). ಅದಕ್ಕೂ ಮೊದಲು ತರಗತಿಯಲ್ಲೇ ಮಾಡಿಸಬಹುದಾದ, ಖರ್ಚಿಲ್ಲದ ಅಭ್ಯಾಸಗಳನ್ನು, ಸೂಕ್ತ ಪೆನ್ಸಿಲ್ ದರ್ಜೆಯ ಸಹಿತ, ದಯವಿಟ್ಟು ತಿಳಿಸಿ.