ಜಾವಾ–ಯೆಜ್ಡಿ ಹಿಂದಿನ ಬ್ರೇಕ್: ಮೇಸ್ತ್ರಿಯನ್ನು ಕೇಳಿ

(ಹಳೇ ಜಾವಾ–ಯೆಜ್ಡಿ ಬೈಕ್‌ಗಳವರ ಗುಂಪಿನ ಮಾತುಕತೆ. ಕೇಳುವವರ ಊರೇ ಇಲ್ಲಿ ಅವರ ಹೆಸರು.)

ಮಂಡ್ಯ: ಮೇಸ್ತ್ರಿ, ನಮಸ್ಕಾರ. ನಮ್ಮಪ್ಪನ 1972ರ ಜಾವಾ. ಹಿಂದಿನ ಬ್ರೇಕ್ ಕಿರ್ರ್ ಅನ್ನುತ್ತೆ. ಗ್ರೀಸ್ ಎಲ್ಲೆಲ್ಲಿ ಹಚ್ಚಬೇಕು?

ಮೇಸ್ತ್ರಿ: ನಮಸ್ಕಾರ. ಪೆಡಲ್ ಒತ್ತಿದಾಗ ಬ್ರೇಕ್ ಶೂಗಳನ್ನ ಅಗಲಿಸೋ ಕ್ಯಾಮ್ ತಿರುಗೋ ತೂತಿಗೆ, ಕ್ಯಾಮ್ ಮುಖಕ್ಕೆ, ಶೂ ಕೂರೋ ಪಿನ್ನಿಗೆ. ಮೂರೇ ಜಾಗ. ಕಡಲೆಬೇಳೆಯಷ್ಟು ಸವರಿ, ಹೆಚ್ಚಾದದ್ದು ಒರೆಸಿ. ಬಿಸಿ ತಡೆಯೋ ಗ್ರೀಸೇ ಆಗಬೇಕು, ಸಾದಾದ್ದು ಕರಗಿ ಶೂ ಮೇಲೆ ಚಕ್ರದ ಡ್ರಮ್ಮಿಗೆ ಉಜ್ಜೋ ಪಟ್ಟಿಗೆ, ಅಂದ್ರೆ ಲೈನರ್‌ಗೆ ಇಳಿಯುತ್ತೆ.

ತುಮಕೂರು: ಒಂದು ಫಾರ್ವರ್ಡ್ ಬಂದಿತ್ತು. ಶಬ್ದ ಬಂದ್ರೆ ಡ್ರಮ್ ಒಳಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ ಅಂತ. ಸರೀನಾ?

ಮೇಸ್ತ್ರಿ: ಯಾರೂ ಮಾಡಬೇಡಿ. ಎಣ್ಣೆ ಕುಡಿದ ಲೈನರ್ ಕೆಲಸಕ್ಕೆ ಬರಲ್ಲ. ತೊಳೆದ್ರೂ ಸುಟ್ರೂ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಇಂಥವನ್ನ ಈ ಗುಂಪಿಗೆ ಹಾಕಬೇಡಿ.

ಮಡಿಕೇರಿ: ಸಾರ್, 1986ರ ಯೆಜ್ಡಿ ರೋಡ್‌ಕಿಂಗ್. ಬ್ರೇಕ್ ಬಿಗಿ ಮಾಡೋ ಅಡ್ಜಸ್ಟರ್ ಪೂರ್ತಿ ಮುಗಿದಿತ್ತು. ಇಲ್ಲಿನ ಹುಡುಗ ಕ್ಯಾಮ್ ತಿರುಗಿಸೋ ಬ್ರೇಕ್ ಆರ್ಮ್ ಬಿಚ್ಚಿ ಒಂದು ಹಲ್ಲು ತಿರುಗಿಸಿ ಕೂರಿಸಿದ. ಒಳ್ಳೇ ಹಿಡಿತ ಬಂತು. ನಿನ್ನೆ ಸಂಪಾಜೆ ಘಾಟಿ ಇಳಿಯುವಾಗ ಒತ್ತಿದ ಪೆಡಲ್ ವಾಪಸ್ ಬರಲಿಲ್ಲ, ಚಕ್ರ ಹಿಡಿದುಕೊಳ್ತು. ಕಾಲಲ್ಲಿ ಪೆಡಲ್ ಎತ್ತಿದ ಮೇಲೆ ಬಿಡ್ತು. ಗ್ರೀಸ್ ಹಚ್ಚಿದ್ರೆ ಸಾಕಾ?

ಮೇಸ್ತ್ರಿ: ಸಾಲಲ್ಲ. ದಯವಿಟ್ಟು ಆ ಗಾಡಿ ಓಡಿಸಬೇಡಿ. ಅಡ್ಜಸ್ಟರ್ ಮುಗಿಯಿತು ಅಂದ್ರೆ ಲೈನರ್ ಸವೆದಿದೆ, ಇಲ್ಲಾ ಡ್ರಮ್ ಅಗಲವಾಗಿದೆ. ಕ್ಯಾಮ್ ಅನ್ನೋದು ಚಪ್ಪಟೆ ಲೋಹ. ಮಲಗಿದ್ದದ್ದು ಎದ್ದಷ್ಟೂ ಶೂಗಳು ಅಗಲವಾಗ್ತವೆ. ಪೂರ್ತಿ ನೆಟ್ಟಗೆ ನಿಂತುಬಿಟ್ರೆ ಸ್ಪ್ರಿಂಗ್ ಎಷ್ಟು ಎಳೆದ್ರೂ ವಾಪಸ್ ಮಲಗಲ್ಲ, ಇನ್ನೂ ತಿರುಗಿದ್ರೆ ಆಚೆ ಮಗುಚುತ್ತೆ. ಹಲ್ಲು ತಿರುಗಿಸಿದ್ದರಿಂದ ಅದು ಅಲ್ಲಿವರೆಗೂ ಹೋಗೋಕೆ ದಾರಿಯಾಯ್ತು. ಟು-ಸ್ಟ್ರೋಕ್‌ನಲ್ಲಿ ಎಂಜಿನ್ ಹಿಡಿತ ಕಡಿಮೆ, ಇಳಿಜಾರಿನ ಭಾರವೆಲ್ಲ ಬ್ರೇಕಿಗೆ. ಡ್ರಮ್ ಬಿಸಿಯಾಗಿ ಹಿಗ್ಗುತ್ತೆ, ಕ್ಯಾಮ್ ಇನ್ನಷ್ಟು ತಿರುಗುತ್ತೆ. ಊರೊಳಗೆ ಸರಿಯಿದ್ದದ್ದು ಘಾಟಿಯಲ್ಲಿ ಸಿಕ್ಕಿಕೊಂಡದ್ದು ಅದಕ್ಕೇ. ಹೊಸ ಶೂ ಹಾಕಿಸಿ, ಡ್ರಮ್ ಅಳತೆ ನೋಡಿಸಿ, ಆರ್ಮ್ ಮೊದಲಿನ ಹಲ್ಲಿಗೇ ಕೂರಿಸಿ. ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿದಿರೋ ಬೋಲ್ಟ್ ಕೂಡ ನೋಡಿ. ಅದು ಕಳಚಿದ್ರೂ ಚಕ್ರ ಕಚ್ಚಿಕೊಳ್ಳುತ್ತೆ.

ಬೆಂಗಳೂರು: ನನ್ನ ಹತ್ರ ಮೈಸೂರಿನ ಜಾವಾ ಫ್ಯಾಕ್ಟರಿ ಕಾಲದ ಶೂ ಡಬ್ಬಿ ಸಮೇತ ಇದೆ. ಈಗಿನವಕ್ಕಿಂತ ಅದೇ ಗಟ್ಟಿ.

ಹಾಸನ: ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ. ಅಷ್ಟು ಹಳೇ ಲೈನರ್ ಶೂ ಬಿಟ್ಟು ಕಿತ್ಕೊಂಡ್ರೆ? ಜೊತೆಗೆ ಅದ್ರಲ್ಲಿ ಆಸ್ಬೆಸ್ಟಾಸ್ ಬೇರೆ.

ಬೆಂಗಳೂರು: ಸುಮ್ನೆ ಹೆದರಿಸಬೇಡಿ. 30 ವರ್ಷದಿಂದ ಡ್ರಮ್ಮಿನ ಧೂಳನ್ನ ಬಾಯಲ್ಲಿ ಊದಿ ಕ್ಲೀನ್ ಮಾಡ್ತಿದ್ದೀನಿ.

ಹಾಸನ: ಅದನ್ನೇ ಇಲ್ಲಿ ಹುಡುಗರಿಗೂ ಕಲಿಸ್ತೀರಾ?

ಬೆಂಗಳೂರು: ನಿಮ್ಮ ಹತ್ರ ಗಾಡಿ ಎಷ್ಟಿವೆ ರೀ?

ಮೇಸ್ತ್ರಿ: ಇಬ್ಬರೂ ನಿಲ್ಲಿಸಿ. ಹಳೇ ಡ್ರಮ್ಮಿನ ಧೂಳು ಊದಬಾರದು, ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೇನ ಕವರ್‌ನಲ್ಲಿ ಕಟ್ಟಿ ಬಿಸಾಕಿ. ಆ ಆಸ್ಬೆಸ್ಟಾಸ್ ಧೂಳು ಎದೆಗೆ ಹೋದ್ರೆ ಹೊರಗೆ ಬರಲ್ಲ.

ಕೋಲಾರ: ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಬಹುದಾ? ಎಷ್ಟಾಗುತ್ತೆ?

ತುಮಕೂರು: ಗ್ರೀಸ್ ಎಲ್ಲೆಲ್ಲಿ ಅಂದ್ರಿ ಸಾರ್?

ಮೇಸ್ತ್ರಿ: ಮೇಲೆ ಓದಿ.

ತುಮಕೂರು: ಇನ್ನೊಂದ್ಸಲ ಹೇಳಿದ್ರೆ ಏನು ಹೋಗುತ್ತೆ?

ಮೇಸ್ತ್ರಿ: ಮೇಲಿದೆ.

ಮಡಿಕೇರಿ: ಬಿಚ್ಚಿದೆ ಸಾರ್. ಒಂದು ಶೂ ತುದೀಲಿ ಲೈನರ್ ಪೂರ್ತಿ ಸವೆದು ಲೋಹವೇ ಡ್ರಮ್ಮಿಗೆ ತಾಗಿದೆ. ಗೆರೆ ಬಿದ್ದಿದೆ, ಉಗುರು ಸಿಕ್ಕಿಕೊಳ್ಳುತ್ತೆ.

ಮೇಸ್ತ್ರಿ: ಫೋಟೋ ಹಾಕಿ. ನಾನು ನೋಡೋವರೆಗೂ ಲೇತಿಗೆ ಕೊಡಬೇಡಿ, ಜಾಸ್ತಿ ಕೊರೆದ್ರೆ ಡ್ರಮ್ಮೇ ಹೋಗುತ್ತೆ. ಮೈಸೂರಿಗೆ ತರೋದಾದ್ರೆ ಪಿಕಪ್‌ನಲ್ಲಿ ಹಾಕ್ಕೊಂಡು ಬನ್ನಿ.

ಕೋಲಾರ: ಡಿಸ್ಕ್ ಬಗ್ಗೆ ಯಾರೂ ಹೇಳಲಿಲ್ಲ.