ಹಳೇ ಕಾರಿಗೆ ಎಫ್‌ಎಂ ಟ್ರಾನ್ಸ್‌ಮಿಟರ್ ತಗೊಳ್ಳೋದು ವರ್ತಾ?

ಹಳೇ_ವ್ಯಾಗನ್‌ಆರ್:
ಎಲ್ರಿಗೂ ನಮಸ್ಕಾರ. ನಮ್ಮ ಗಾಡೀಲಿ ಕಂಪ್ನಿ ಸ್ಟೀರಿಯೋನೇ ಇದೆ, ರೇಡಿಯೋ ಸಿಡಿ ಬಿಟ್ರೆ ಬ್ಲೂಟೂತೂ ಇಲ್ಲ ಯುಎಸ್‌ಬಿನೂ ಇಲ್ಲ. ಬೆಂಗಳೂರು ಹಾಸನ ಓಡಾಟ ಜಾಸ್ತಿ, ಕುಣಿಗಲ್ ದಾಟಿದ್ಮೇಲೆ ಬೆಂಗಳೂರು ಎಫ್‌ಎಂ ಎಲ್ಲ ಬರೀ ಕರಕರ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿ, ಫೋನಿನ ಹಾಡನ್ನ ಎಫ್‌ಎಂ ಸಿಗ್ನಲ್ ಮಾಡಿ ಕಾರ್ ರೇಡಿಯೋಗೆ ಕಳ್ಸೋ ಟ್ರಾನ್ಸ್‌ಮಿಟರ್ ಎಸ್‌ಪಿ ರೋಡಲ್ಲಿ ಐನೂರು ಆರುನೂರಕ್ಕೆಲ್ಲ ಸಿಗುತ್ತೆ ಅಂದ್ರು. ತಗೋಬೋದಾ, ಇಲ್ಲ ಸ್ಟೀರಿಯೋನೇ ಚೇಂಜ್ ಮಾಡ್ಸಿಬಿಡ್ಲಾ?

ಮೆಜೆಸ್ಟಿಕ್_ಮಂಜ:
ಹೈವೇಗೆ ಓಕೆ ಗುರು, ಸಿಟಿ ಒಳಗೆ ತಲೆನೋವು. ಬೆಂಗಳೂರಲ್ಲಿ 91.1, 91.9, 92.7, 93.5, 98.3, 101.3, 102.9, 104 ಅಂತ ಸಾಲಾಗಿ ಸ್ಟೇಷನ್ ಇದಾವೆ, ನಿಮ್ಮ ಡಬ್ಬಿ ಪವರ್ ನಾಲ್ಕು ಮಾರು ದೂರ ಹೋದ್ರೆ ಹೆಚ್ಚು, ಎಫ್‌ಎಂ ರೇಡಿಯೋ ಯಾವ ಸಿಗ್ನಲ್ ಜೋರಾಗಿದ್ಯೋ ಅದನ್ನೇ ಹಿಡ್ಕೊಳ್ಳೋದು, ಹಂಗಾಗಿ ಹಾಡಿನ ಮಧ್ಯೆ ದಿಢೀರಂತ ಆರ್‌ಜೆ ನುಗ್ತಾನೆ. ಮೊದ್ಲು ಡಬ್ಬಿ ಚುಚ್ಚದೆ ಬರೀ ರೇಡಿಯೋ ತಿರುಗ್ಸಿ ನೋಡಿ, 87.5 ಹತ್ರ ಇಲ್ಲಾಂದ್ರೆ 107ರ ಮೇಲೆ. ಎಲ್ಲಿ ಬರೀ ಶ್‌‌‌‌‌‌ ಅನ್ನುತ್ತೋ ಆ ನಂಬರಿಗೇ ಡಬ್ಬೀನೂ ಸೆಟ್ ಮಾಡಿ. ಕುಣಿಗಲ್ ದಾಟಿದ್ರೆ ಹಾಸನದ ಆಕಾಶವಾಣಿ ಹತ್ರ ಬರೋವರ್ಗೂ ಅಷ್ಟೇನು ಕಾಟ ಇರಲ್ಲ.

ಸೌಂಡ್_ಹುಚ್ಚ:
ಫ್ರೀಕ್ವೆನ್ಸಿ ಸಿಕ್ಕಿದ್ರೂ ಸೌಂಡ್ ಅಷ್ಟಕ್ಕಷ್ಟೇ ಸರ್. ಎಫ್‌ಎಂಅಲ್ಲಿ 15 ಕಿಲೋಹರ್ಟ್ಸ್ ಮೇಲಿಂದು, ಅಂದ್ರೆ ತೀರಾ ಕೀಚಲು ಸ್ವರಗಳು, ಬರೋದೇ ಇಲ್ಲ, ಅದ್ರಲ್ಲೂ ಈ ಅಗ್ಗದ ಪೀಸ್‌ಗಳಲ್ಲಿ ಜಾನಕಮ್ಮನ ಹಳೇ ಹಾಡು ಹಾಕಿ ನೋಡಿ, ಸ ಶ ಬಂದ ಕಡೆಯೆಲ್ಲ ಸೀಳುತ್ತೆ. ಫೋನ್ ವಾಲ್ಯೂಮ್ ಫುಲ್ ಇಡ್ಬೇಡಿ, ಮುಕ್ಕಾಲಿಗೆ ನಿಲ್ಸಿ ಉಳಿದಿದ್ದು ಸ್ಟೀರಿಯೋದಲ್ಲಿ ಏರ್ಸಿ, ಅರ್ಧ ಸೀಳೋದು ಅಲ್ಲೇ ಹೋಗುತ್ತೆ. ಆಮೇಲೆ ಆಕ್ಸಿಲರೇಟರ್ ಒತ್ತಿದಂಗೆಲ್ಲ ಕುಯ್ಯ್‌‌ ಅಂತ ಏರೋ ಶಬ್ದ ಬಂದ್ರೆ ಅದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ದು, ಹಾಡಿಂದಲ್ಲ. ಫೋನ್ ಚಾರ್ಜಿಂಗ್ ತೆಗೆದು ನೋಡಿ, ಕಮ್ಮಿ ಆಗ್ಬೋದು.

ಕರಾವಳಿ_ಡ್ರೈವರ್:
ಮೊದ್ಲು ಸ್ಟೀರಿಯೋ ಮುಂದೆ ಹಿಂದೆ ಎಲ್ಲ ನೋಡಿ ಮಾರಾಯ್ರೆ, ಎಷ್ಟೋ ಸಿಡಿ ಸೆಟ್ಟಲ್ಲಿ ಆಕ್ಸ್ ತೂತು, ಅಂದ್ರೆ ಹೊರಗಿನ ಆಡಿಯೋ ವೈರ್ ಸಿಕ್ಕಿಸುವ ತೂತು, ಇರ್ತದೆ, ಜನ ನೋಡುದೇ ಇಲ್ಲ. ಇದ್ರೆ ಟ್ರಾನ್ಸ್‌ಮಿಟರ್ ಯಾಕೆ? ಸಣ್ಣ ಬ್ಲೂಟೂತ್ ರಿಸೀವರ್ ತಕ್ಕೊಂಡು 3.5 ಎಂಎಂ ವೈರಲ್ಲಿ ಸಿಕ್ಕಿಸಿ, ರೇಡಿಯೋ ರಗಳೆನೇ ಇಲ್ಲ. ಆಕ್ಸ್ ಇಲ್ಲದಿದ್ರೆ ಮಾತ್ರ ಯೋಚ್ನೆ ಮಾಡಿ, ಗಾಡಿ ಇನ್ನೂ ಮೂರ್ನಾಲ್ಕು ವರ್ಷ ಇಟ್ಕೊಳ್ಳುದಾದ್ರೆ ಸ್ಟೀರಿಯೋನೇ ಚೇಂಜ್ ಮಾಡಿ, ವೈರ್ ಕಟ್ ಮಾಡ್ಲಿಕ್ಕೆ ಬಿಡ್ಬೇಡಿ, ಕಪ್ಲರ್ (ವೈರಿಗೆ ವೈರ್ ಸಿಕ್ಕಿಸುವ ಪ್ಲಗ್) ಹಾಕಿ ಕೂರ್ಸ್ಲಿಕ್ಕೆ ಹೇಳಿ. ಮಾರುದಾದ್ರೆ ಟ್ರಾನ್ಸ್‌ಮಿಟರೇ ಸಾಕು, ಕಿತ್ತು ಕಿಸೆಗೆ ಹಾಕ್ಕೊಳ್ಳಬಹುದು.

ಹಳೇ_ವ್ಯಾಗನ್‌ಆರ್:
ಈಗ್ತಾನೇ ನೋಡ್ಕೊಂಡು ಬಂದೆ, ಆಕ್ಸ್ ಇಲ್ಲ. ಗಾಡಿ ಮುಂದಿನ ವರ್ಷ ಕೊಟ್ಬಿಡೋ ಪ್ಲಾನ್ ಇದೆ, ಹಂಗಾಗಿ ಟ್ರಾನ್ಸ್‌ಮಿಟರ್ರೇ ಅನ್ಸುತ್ತೆ. ಅದ್ರಲ್ಲಿ ಮೈಕ್ ಇರುತ್ತಲ್ಲ, ಕಾಲ್ ಮಾತಾಡೋಕೆ ಪರವಾಗಿಲ್ವಾ?

ಮೆಜೆಸ್ಟಿಕ್_ಮಂಜ:
ಕಿಟಕಿ ಮುಚ್ಚಿದ್ರೆ ಪರವಾಗಿಲ್ಲ, ತೆಗೆದ್ರೆ ಆ ಕಡೆಯವ್ರಿಗೆ ಬರೀ ಗಾಳಿ. ಆದ್ರೆ ಮನೆ ವಿಷ್ಯ ಸಿಗ್ನಲ್ಲಲ್ಲಿ ನಿಂತು ಮಾತಾಡ್ಬೇಡಿ, ಪಕ್ಕದ ಕಾರಲ್ಲೂ ಅದೇ ಫ್ರೀಕ್ವೆನ್ಸಿ ಹಾಕಿದ್ರೆ ಅತ್ತೆ ಬೈಯೋದು ಅವ್ರ ಸ್ಪೀಕರಲ್ಲೂ ಬರುತ್ತೆ 😄