ಬಯೋಡೀಸೆಲ್ ತೆಗೆದ ಮೇಲೆ ಉಳಿಯುವ ಗ್ಲಿಸರಿನ್ ಏನು ಮಾಡ್ತೀರಿ?

ಅರಸೀಕೆರೆಯಿಂದ ಪ್ರಶ್ನೆ:
ಹೋಟೆಲ್‌ಗಳಿಂದ ಕರಿದ ಎಣ್ಣೆ ತಂದು ಸಣ್ಣದಾಗಿ ಬಯೋಡೀಸೆಲ್ ಮಾಡುತ್ತೇವೆ. ಕೆಲವು ತಿಂಗಳು ಹೊಂಗೆ ಎಣ್ಣೆಯೂ ಸಿಗುತ್ತದೆ. ಡೀಸೆಲ್ ಏನೋ ಟ್ರ್ಯಾಕ್ಟರು, ಜನರೇಟರಿಗೆ ಹೋಗುತ್ತದೆ. ತಳದಲ್ಲಿ ಇಳಿಯುವ ಗ್ಲಿಸರಿನ್ ಮಾತ್ರ ಡ್ರಮ್ಮುಗಟ್ಟಲೆ ಕೂತಿದೆ. ಔಷಧಿ ಅಂಗಡಿಯಲ್ಲಿ ಅದಕ್ಕೆ ಒಳ್ಳೇ ರೇಟು, ನಮ್ಮದನ್ನು ಯಾರೂ ಮೂಸಿಯೂ ನೋಡುತ್ತಿಲ್ಲ. ಅನುಭವ ಇದ್ದವರು ಹೇಳಿ.

ತುಮಕೂರಿನಿಂದ:
ಅಂಗಡಿಯ ಗ್ಲಿಸರಿನ್ ಬೇರೆ, ನಿಮ್ಮ ಡ್ರಮ್ಮಿನಲ್ಲಿರುವುದು ಬೇರೆ ಸರ್. ನಿಮ್ಮದರಲ್ಲಿ ಬಯೋಡೀಸೆಲ್ ಮಾಡೋಕೆ ಎಣ್ಣೆಗೆ ಹಾಕಿದ ಮೆಥನಾಲ್ (ಬೇಗ ಹತ್ತಿಕೊಳ್ಳುವ ವಿಷದ ಸ್ಪಿರಿಟ್), ಕಾಸ್ಟಿಕ್ (ಕಾಸ್ಟಿಕ್ ಸೋಡಾ ಇಲ್ಲವೇ ಕಾಸ್ಟಿಕ್ ಪೊಟ್ಯಾಶ್ ಎಂಬ ಕ್ಷಾರ), ಜೊತೆಗೆ ಸೋಪು, ನೀರು, ಒಂದಿಷ್ಟು ಬಯೋಡೀಸೆಲ್ ಎಲ್ಲ ಬೆರೆತಿದೆ. ಅದನ್ನು ಶುದ್ಧ ಮಾಡೋಕೆ ನಿರ್ವಾತದಲ್ಲಿ ಬಟ್ಟಿ ಇಳಿಸಬೇಕು, ಅದು ದೊಡ್ಡ ಕಾರ್ಖಾನೆಯ ಕೆಲಸ. 100 ಕೆಜಿ ಎಣ್ಣೆಗೆ ಬರೋದೇ ಸುಮಾರು 10 ಕೆಜಿ ಗ್ಲಿಸರಿನ್, ಅಷ್ಟಕ್ಕೆ ಆ ಯಂತ್ರ ಹಾಕಿದರೆ ಗಿಟ್ಟುವುದಿಲ್ಲ. ಮಾರುವ ಆಸೆ ಬಿಡಿ, ಬಳಸುವ ದಾರಿ ನೋಡಿ.

ಏನೇ ಮಾಡಿದರೂ ಮೊದಲು ಮೆಥನಾಲ್ ತೆಗೆಯಬೇಕು. ನಾವು ಹಾಕುವ ಮೆಥನಾಲ್‌ನಲ್ಲಿ ಸುಮಾರು ಅರ್ಧ ಹೆಚ್ಚುವರಿ, ಅದರ ದೊಡ್ಡ ಪಾಲು ಈ ಗ್ಲಿಸರಿನ್‌ನಲ್ಲೇ ಕೂತಿರುತ್ತದೆ. ತೆರೆದ ಬಾಂಡ್ಲಿಯಲ್ಲಿ ಕುದಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಆವಿ ವಿಷ, ಕಣ್ಣೇ ಹೋಗಬಹುದು. ಬೆಂಕಿ ಹತ್ತಿದರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಮುಚ್ಚಿದ ಪಾತ್ರೆ, ಆವಿಯನ್ನು ತಣಿಸಿ ಇಳಿಸುವ ಕಂಡೆನ್ಸರ್, ಹೊರಗೆ ಗಾಳಿಯಾಡುವ ಜಾಗ, ಕರೆಂಟ್ ಹೀಟರ್ ಇರಲಿ, ಸೌದೆ ಒಲೆ ಬೇಡವೇ ಬೇಡ. ಮೆಥನಾಲ್ 65 ಡಿಗ್ರಿ ಹತ್ತಿರ ಕುದಿಯುತ್ತದೆ ಅಂತ ಪುಸ್ತಕದಲ್ಲಿ ಇದೆಯಲ್ಲ, ಅಲ್ಲಿಗೇ ನಿಲ್ಲಿಸಬೇಡಿ. ಗ್ಲಿಸರಿನ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊನೆಯ ಪಾಲು ಬಿಡೋಕೆ ಬಿಸಿ ಇನ್ನೂ ಏರಬೇಕು. ಇಳಿದ ಮೆಥನಾಲ್‌ನಲ್ಲಿ ನೀರು ಇಲ್ಲದಿದ್ದರೆ ಮುಂದಿನ ಬ್ಯಾಚಿಗೆ ಹಾಕಬಹುದು. ನಿಜ ಹೇಳಬೇಕೆಂದರೆ ನನಗೆ ಗ್ಲಿಸರಿನ್‌ಗಿಂತ ಇದರಲ್ಲೇ ಉಳಿತಾಯ ಜಾಸ್ತಿ.

ಆಮೇಲೆ ಸೋಪು. ಗ್ಲಿಸರಿನ್ ತಾನಾಗಿ ಸೋಪಾಗಲ್ಲ, ಅದರಲ್ಲಿ ಉಳಿದ ಎಣ್ಣೆ, ಬಯೋಡೀಸೆಲ್ ಇವೇ ಸೋಪಾಗುವುದು. ಅದಕ್ಕೇ ನಾನು ಸ್ವಲ್ಪ ಸೋಸಿದ ಕರಿದ ಎಣ್ಣೆ ಸೇರಿಸಿ, ನೀರಲ್ಲಿ ಕರಗಿಸಿದ ಕಾಸ್ಟಿಕ್ ಹಾಕಿ ಕಲಸುತ್ತೇನೆ. ಮೊದಲು ಒಂದು ಲೋಟದಷ್ಟರಲ್ಲಿ ನೋಡಿ, ಪ್ರತಿ ಬ್ಯಾಚಿನ ಗುಣ ಬೇರೆ. ಕಾಸ್ಟಿಕ್ ಸೋಡಾ ಬಳಸಿದ್ದರೆ ಗಟ್ಟಿ ಸೋಪು ಬರುತ್ತದೆ, ಕಾಸ್ಟಿಕ್ ಪೊಟ್ಯಾಶ್ ಆದರೆ ಜೋನಿ ಬೆಲ್ಲದ ಹಾಗೆ ಕಂದು, ಅಂಟು, ಸೌಟಿನಿಂದ ನೂಲಾಗಿ ಇಳಿಯುತ್ತದೆ. ಗ್ಯಾರೇಜಿನ ಕೈ ಜಿಡ್ಡು, ಟ್ರ್ಯಾಕ್ಟರಿನ ಗ್ರೀಸು, ಹಿಟ್ಟಿನ ಗಿರಣಿಯ ನೆಲ, ಎಲ್ಲಕ್ಕೂ ಈ ಎರಡನೆಯದೇ ಚೆನ್ನ. ಕೆಲವು ವಾರ ಬಿಟ್ಟು ಕ್ಷಾರ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ. 10 ದಾಟಿದರೆ ಕೈಗೆ ಬೇಡ, ನೆಲಕ್ಕೆ ಇಟ್ಟುಕೊಳ್ಳಿ. ಮೈಗೆ, ಮುಖಕ್ಕೆ ಅಂತ ಯಾರಿಗೂ ಕೊಡಬೇಡಿ, ಸುಮ್ನೆ ತಲೆನೋವು. ಹೊಂಗೆಯದರ ವಾಸನೆಯೂ ಹೋಗಲ್ಲ, ಮನೆಯವರು ಒಳಗೆ ಬಿಟ್ಟುಕೊಳ್ಳಲ್ಲ.

ಶಿರಸಿಯಿಂದ:
ನಮ್ಮಲ್ಲಿ ಗೋಬರ್ ಗ್ಯಾಸ್ ಇದೆ, ಅದಕ್ಕೇ ಹಾಕುತ್ತೇವೆ. ಗ್ಯಾಸ್ ಏರುವುದು ಗೊತ್ತಾಗುತ್ತದೆ. ಆದರೆ ಆಸೆಬುರುಕತನ ಬೇಡ. ದಿನದ ಸಗಣಿ ನೀರಿನ ನೂರರಲ್ಲಿ ಒಂದು ಪಾಲಿನೊಳಗೇ ಶುರು ಮಾಡಿ, ನಿಧಾನವಾಗಿ ನೋಡಿಕೊಂಡು ಏರಿಸಿ. ಒಂದೇ ಸಲ ಸುರಿದರೆ ಗುಂಡಿ ಹುಳಿಯಾಗಿ ಗ್ಯಾಸೇ ನಿಂತುಬಿಡುತ್ತದೆ. ಸ್ಲರಿ ತೋಟಕ್ಕೆ ಹೋಗುವುದರಿಂದ ಪೊಟ್ಯಾಶ್ ಬಳಸಿದ ಗ್ಲಿಸರಿನ್ ಮಾತ್ರ ಹಾಕುವುದು, ಕಾಸ್ಟಿಕ್ ಸೋಡಾದಲ್ಲಿರುವ ಸೋಡಿಯಂ ಮಣ್ಣಿಗೆ ಒಳ್ಳೆಯದಲ್ಲ. ಗೊಬ್ಬರದ ಗುಂಡಿಗೂ ಇದೇ ಮಾತು, ಮೆಥನಾಲ್ ತೆಗೆದು, ದರಗು ಸಗಣಿ ಜೊತೆ ತೆಳ್ಳಗೆ ಚಿಮುಕಿಸಿ. ಸಗಣಿ ಕಡಿಮೆ ಮಾಡಬೇಡಿ, ಗ್ಲಿಸರಿನ್‌ನಲ್ಲಿ ಸಾರಜನಕ ಇಲ್ಲ.

ಅರಸೀಕೆರೆಯಿಂದ ಮತ್ತೆ:
ತುಂಬಾ ಥ್ಯಾಂಕ್ಸ್. ಹೊಟ್ಟಿಗೆ ಕಲಸಿ ಬಾಯ್ಲರ್‌ಗೆ ಹಾಕಿ ಅಂದರು ಒಬ್ಬರು. ದನಕ್ಕೆ ಬೂಸಾ ಜೊತೆ ಕೊಡಬಹುದು ಅಂತ ಇನ್ನೊಬ್ಬರು. ಎರಡೂ ಸರಿಯಾ?

ತುಮಕೂರಿನಿಂದ:
ದನಕ್ಕೆ ಖಂಡಿತ ಬೇಡ. ಅಮೆರಿಕದಲ್ಲಿ ಮೇವಿಗೆ ಬಳಸುವ ಗ್ಲಿಸರಿನ್‌ನಲ್ಲಿ ಮೆಥನಾಲ್ ಹತ್ತು ಲಕ್ಷಕ್ಕೆ 150 ಪಾಲು ಮೀರಬಾರದು ಅಂತ ಇದೆ, ನಮ್ಮ ಶೆಡ್ಡಿನಲ್ಲಿ ಅದನ್ನು ಅಳೆಯೋದು ಹೇಗೆ? ಹೊಂಗೆಯದಂತೂ ಎಣ್ಣೆಯೇ ತಿನ್ನುವಂಥದ್ದಲ್ಲ. ಸುಡೋದೂ ಅಷ್ಟೇ, ಬಿಸಿ ಸಾಲದೆ ಅರೆಬರೆ ಉರಿದರೆ ಅಕ್ರೋಲಿನ್ ಅನ್ನುವ ವಿಷದ ಹೊಗೆ ಬರುತ್ತದೆ, ಕಣ್ಣು ಗಂಟಲು ಉರಿ ಹತ್ತುತ್ತದೆ. ಅಡುಗೆ ಒಲೆ, ಬಚ್ಚಲ ಒಲೆಗೆ ಹಾಕಲೇಬೇಡಿ. ತುಂಬಾ ಹೆಚ್ಚು ಬಿಸಿಯಲ್ಲಿ ಉರಿಯುವ ದೊಡ್ಡ ಕುಲುಮೆಯ ಮಾತು ಬೇರೆ.

ನಿಮ್ಮ ಹಾಸನ ಜಿಲ್ಲೆಯಲ್ಲೇ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಬಯೋಫ್ಯುಯೆಲ್ ಪಾರ್ಕ್ ಇದೆಯಲ್ಲ, ಹೋಗುವಾಗ ಒಂದು ಬಾಟಲಿ ಸ್ಯಾಂಪಲ್ ತಗೊಂಡು ಹೋಗಿ ಕೇಳಿ. ಈಗ ಇರುವ ಡ್ರಮ್ಮುಗಳ ಮೇಲೆ ಸೋಡಾ ಯಾವುದು, ಪೊಟ್ಯಾಶ್ ಯಾವುದು ಅಂತ ಬರೆದಿಡಿ, ಹೊಂಗೆಯದನ್ನು ಬೇರೆ ಇಡಿ. ನಿಮ್ಮದು ಯಾವ ಕಾಸ್ಟಿಕ್ ಅಂತ ಹೇಳಿದರೆ ಸೋಪಿನ ಅಳತೆ ಕೂತು ಲೆಕ್ಕ ಹಾಕೋಣ.